ಅಪ್ಪನ ಕಿವಿ, ನನ್ನ ಹಕ್ಕು

ದುಡಿಯುವ ಹಕ್ಕಿಲ್ಲದ ಮನುಷ್ಯನಿಗೆ ಉಳಿದ ಹಕ್ಕುಗಳೆಲ್ಲ ಬೀಗ ಹಾಕಿದ ಮನೆಯ ಬಾಗಿಲಿಗೆ ಕಟ್ಟಿದ ತೋರಣದಂತೆ. ಈ ಮಾತನ್ನು ನಾನು ಬಿ.ಎ. ಕೊನೆಯ ವರ್ಷದ ಚರ್ಚಾ ಸ್ಪರ್ಧೆಯಲ್ಲಿ ಕೈ ಎತ್ತಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ತೀರ್ಪುಗಾರರು ಮೊದಲ ಬಹುಮಾನವೆಂದು ಒಂದು ಸ್ಟೀಲಿನ ಊಟದ ಡಬ್ಬಿ ಕೊಟ್ಟರು. ಡಬ್ಬಿ ಒಯ್ಯಲು ಒಂದು ಕೆಲಸವನ್ನೂ ಜೊತೆಗೆ ಕೊಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಹಾಗಾಗಿ ಅದನ್ನು ಅಪ್ಪ ಕಾರ್ಖಾನೆಗೆ ಒಯ್ಯತೊಡಗಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಅಪ್ಪ ಅಟ್ಟೂರಿನ ಕಡೆಯವರು. ಹೊಲದ ಕೆಲಸ ಬಿಟ್ಟು ಬಂದು, ತಗಡನ್ನು ಒತ್ತಿ ಕತ್ತರಿಸುವ ಪ್ರೆಸ್ ಶಾಪಿನಲ್ಲಿ ಕೂದಲು ನರೆಸಿಕೊಂಡವರು. ಬೆಳಿಗ್ಗೆ ಸೈರನ್ ಕೂಗಿದರೆ ನಮ್ಮ ಬೀದಿಯ ಗಂಡಸರೆಲ್ಲ ಗುಡಿಸಿ ಹಾಕಿದಂತೆ ಖಾಲಿಯಾಗುತ್ತಿದ್ದರು. ಆಮೇಲೂ ಉಳಿದವರು ಮೂರು ಬಗೆ: ನಿವೃತ್ತರು, ಕಾಯಿಲೆಯವರು, ಪದವೀಧರರು. ಮೊದಲಿನ ಎರಡು ಬಗೆಯವರಿಗೆ ಜನ ಮರ್ಯಾದೆ ಕೊಡುತ್ತಿದ್ದರು. ನಾನು ನಲ್ಲಿಯ ಬಳಿ ಹಾದುಹೋದರೆ ಹೆಂಗಸರು ಮಾತು ನಿಲ್ಲಿಸಿ, ಕೊಡ ತುಂಬುವುದನ್ನೇ ಗಮನವಿಟ್ಟು ನೋಡುತ್ತಿದ್ದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಒಂದು ಭಾನುವಾರ ಅಪ್ಪ ಕೇಳಿದರು.

"ನೀನು ಓದಿದ್ದೀಯಲ್ಲ, ಆ ಸಂವಿಧಾನ. ಅದ್ರಾಗೆ ಕೆಲಸ ಕೊಡ್ತೀವಿ ಅಂತ ಬರದವ್ರಾ?"

"ಬರೆದಿದ್ದಾರೆ ಅಪ್ಪ. ರಾಜ್ಯ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಆ ಹಕ್ಕನ್ನ ದೊರಕಿಸಬೇಕು ಅಂತ."

"ಕೊಡ್ದಿದ್ರೆ?"

"ಅದು ನಿರ್ದೇಶಕ ತತ್ವ. ಕೊಡ್ದಿದ್ರೆ ಕೋರ್ಟಿಗೆ ಹೋಗೋ ಹಾಗಿಲ್ಲ. ಅದನ್ನ ಮೂಲಭೂತ ಹಕ್ಕು ಮಾಡ್ಬೇಕು ಅಂತಾನೇ ನಾನು ಅವತ್ತು ಮಾತಾಡಿದ್ದು."

"ಅಂಗಾದ್ರೆ ಅದು ನಿಮ್ ದೊಡ್ಡಪ್ಪನ ಮಾತಿದ್ದಂಗೆ ಕಣ್ಲಾ. ನೋಡನ, ಮಾಡನ ಅಂತಾನೆ. ಇಲ್ಲ ಅನ್ನಲ್ಲ."

ಮೂರು ವರ್ಷ ಓದಿದ ರಾಜ್ಯಶಾಸ್ತ್ರ ಅಲ್ಲಿಗೆ ಮುಗಿಯಿತು.

ಸಂವಿಧಾನ ಮಾಡದ್ದನ್ನು ಮಾಡಿಸಲು ಹೊರಟವರು ಪಕ್ಕದ ಮನೆಯವರು. ಹುಬ್ಬಳ್ಳಿ ಕಡೆಯಿಂದ ಬಂದು ಅಪ್ಪನ ಕಾರ್ಖಾನೆಯಲ್ಲೇ ಸೇರಿದ್ದವರು, ಯೂನಿಯನ್ನಿನಲ್ಲಿ ಓಡಾಡುತ್ತಿದ್ದವರು. ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಸರ್ವೀಸು ಬಾಕಿಯಿರುವಾಗಲೇ ಕೆಲಸಗಾರನನ್ನು ಡಾಕ್ಟರು ಅನ್‌ಫಿಟ್ ಅಂದರೆ ಅವನ ಜಾಗಕ್ಕೆ ಮಗನನ್ನು ತೆಗೆದುಕೊಳ್ಳುತ್ತಿದ್ದರು.

"ಪ್ರೆಸ್ ಶಾಪಿನಾಗ ಇಷ್ಟು ವರ್ಷ ನಿಂತೀರಿ, ಕಿವಿ ಹೋಗೇತಿ ಅಂದ್ರ ಯಾರ ಬ್ಯಾಡ ಅಂತಾರ್ರೀ?" ಎಂದರು ಅವರು. "ನೀವು ಕೇಳಂಗಿಲ್ಲ ಅನ್ನೂದು, ಅವ್ರು ಬರಕೊಳ್ಳೂದು. ನಿಮ್ಮ ಸಣ್ಣ ಸಾಹೇಬ್ರು ಒಳಗ, ನೀವು ಕಟ್ಟೀ ಮ್ಯಾಲ."

"ನನಗೆ ಕೇಳಿಸ್ತದಲ್ಲ," ಎಂದರು ಅಪ್ಪ.

"ಅದಽ ಈಗ ತೊಂದ್ರಿ ಆಗೇದ ನೋಡ್ರಿ."

ನಾನು ಬೇಡವೆಂದೆ. ಎಷ್ಟು ಗಟ್ಟಿಯಾಗಿ ಬೇಡವೆಂದೆನೆಂದರೆ, ಕಿವಿ ನೆಟ್ಟಗಿದ್ದವರಿಗೂ ಕೇಳಿಸದಷ್ಟು.

ಮಾರನೆಯ ದಿನದಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಅಪ್ಪ ಗೋಡೆಗೆ ಮುಖ ಮಾಡಿ ಕೂರುವುದು, ಹಿಂದಿನಿಂದ ನಾವು ಕರೆಯುವುದು, ಅವರು ತಿರುಗದಿರುವುದು. ಅಮ್ಮ ಕರೆದಾಗ ಅಪ್ಪ ಒಮ್ಮೆಯೂ ತಪ್ಪಲಿಲ್ಲ. ಆ ವಿದ್ಯೆಯಲ್ಲಿ ಅವರಿಗೆ ಮದುವೆಯಾದಾಗಿನಿಂದ ಅನುಭವವಿತ್ತು. "ಕಾಫಿ ಆಗೈತೆ" ಎಂದಾಗ ಮಾತ್ರ ಕತ್ತು ಒಂದಿಷ್ಟು ಹೊರಳುತ್ತಿತ್ತು. ಅಮ್ಮ ಹಟ ಹಿಡಿದು ಆ ದೋಷವನ್ನೂ ತಿದ್ದಿದಳು. ಕಾಫಿ ಆಗದೆಯೇ ಆಗೈತೆ ಎಂದು ನಾಲ್ಕು ದಿನ ಕೂಗಿದಳು. ಅಪ್ಪನಿಗೆ ಕಾಫಿಯ ಮೇಲಿನ ನಂಬಿಕೆಯೇ ಹೋಯಿತು.

ನಾವು ನಗುತ್ತಿದ್ದೆವು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಗಟ್ಟಿಮುಟ್ಟಾದ ಮನುಷ್ಯನೊಬ್ಬ ತನ್ನ ದುಡಿಮೆ ಬಿಡುವುದಕ್ಕೆ ಗೋಡೆ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ. ಎಲ್ಲರಿಗೂ ಕೆಲಸ ಬೇಕೆಂದು ವೇದಿಕೆ ಗುದ್ದಿದ ಮಗ, ಅಪ್ಪನ ಕೆಲಸ ತನಗೆ ಬರಲೆಂದು ಹಿಂದೆ ನಿಂತು ತಟ್ಟೆ ಬಡಿಯುತ್ತಿದ್ದಾನೆ. ಇಷ್ಟಾಗಿಯೂ ಆ ಮನೆಯಲ್ಲಿ ಸಂಜೆ ಸಂಜೆ ಸಂತೋಷವಿರುತ್ತಿತ್ತು.

ಪರೀಕ್ಷೆಯ ದಿನ ನಾನೂ ಹೋದೆ. ಕಿವುಡರನ್ನು ಕೈ ಹಿಡಿದು ಕರೆತರಲು ಒಬ್ಬರು ಇರಬೇಕೆಂಬುದು ಪಕ್ಕದ ಮನೆಯವರ ಸಲಹೆ. ಕಿವುಡರಿಗೂ ಕೈ ಹಿಡಿಯುವುದಕ್ಕೂ ಸಂಬಂಧವೇನೆಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕಾರ್ಖಾನೆಯ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಅರ್ಧ ಬಾಗಿಲು. ಹೊರಗಿನ ಬೆಂಚಿನಲ್ಲಿ ಕೂತರೆ ಬಾಗಿಲಿನ ಕೆಳಗೆ ಅಪ್ಪನ ಕಾಲು ಕಾಣುತ್ತಿತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅವತ್ತು ಅಪ್ಪ ಹಬ್ಬಕ್ಕೆ ಹಾಕುವ ಚಪ್ಪಲಿ ಹಾಕಿದ್ದರು.

ಡಾಕ್ಟರು ಅಪ್ಪನನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿದರು. ಹಿಂದಿನಿಂದ ಒಂದೊಂದೇ ಊರಿನ ಹೆಸರು ಹೇಳುತ್ತ ಹೋದರು. ಹೆಬ್ಬಾಳ ಅಂದರು, ಯಲಹಂಕ ಅಂದರು, ಚಿಕ್ಕಜಾಲ ಅಂದರು. ದನಿ ಏರುತ್ತ ಹೋಯಿತು. ಅಪ್ಪ ಕದಲಲಿಲ್ಲ. ಇದ್ದಕ್ಕಿದ್ದಂತೆ ಡಾಕ್ಟರು ಒಂದು ಕಬ್ಬಿಣದ ಟ್ರೇ ನೆಲಕ್ಕೆ ಕೆಡವಿದರು. ನಾನು ಬೆಂಚಿನಿಂದ ಎದ್ದು ನಿಂತೆ. ಅಪ್ಪನ ಹಿಮ್ಮಡಿ ಅಲುಗಲಿಲ್ಲ. ಪ್ರೆಸ್ ಶಾಪಿನ ಮನುಷ್ಯನಿಗೆ ಅದು ಒಂದು ಸದ್ದೇ ಅಲ್ಲ.

ಡಾಕ್ಟರು ಕುರ್ಚಿಯಲ್ಲಿ ಕೂತ ಸದ್ದಾಯಿತು. ಕೆಲಸ ನನ್ನದಾಯಿತು ಎಂದುಕೊಂಡೆ. ಸುಳ್ಳು ಹೇಳಲಾರೆ, ಆ ಕ್ಷಣ ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಆಗ ಡಾಕ್ಟರು ತಮ್ಮಷ್ಟಕ್ಕೆ ತಾವು ಗೊಣಗಿಕೊಳ್ಳುವ ಹಾಗೆ ಮೆಲ್ಲಗೆ ಹೇಳಿದರು: "ಪಾಪ, ಇವರಿಗೆ ಹಿಂಗಾಯ್ತು. ಹೊರಗೆ ಕೂತಿರೋ ಮಗ ನೋಡಿದ್ರೆ ಪೋಲಿ ಥರ ಕಾಣ್ತಾನೆ. ಒಂದಕ್ಷರ ಓದಿದ ಲಕ್ಷಣ ಇಲ್ಲ."

ಹಬ್ಬದ ಚಪ್ಪಲಿ ಗರ್ರನೆ ತಿರುಗಿತು.

"ಯಾರ್ ಸಾರ್ ಪೋಲಿ? ಬಿ.ಎ. ಸಾರ್ ಅವ್ನು! ಫಸ್ಟ್ ಕ್ಲಾಸು! ಭಾಷ್ಣದಾಗೆ ಡಬ್ಬಿ ಗೆದ್ದವ್ನೆ!"

ಒಳಗೆ ಕುರ್ಚಿ ಹಿಂದಕ್ಕೆ ಸರಿಯಿತು.

"ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ," ಎಂದರು ಡಾಕ್ಟರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಮಗನ ಡಿಗ್ರಿ ಮುಗೀತಿದ್ದ ಹಾಗೆ ನಿಮ್ಮ ಶಾಪಿನವರಿಗೆಲ್ಲ ಕಿವಿ ಹೋಗುತ್ತೆ. ಮಗನಿಗೆ ಬೈದ್ರೆ ವಾಪಸ್ ಬರುತ್ತೆ. ನಾನಾದ್ರೂ ಏನ್ ಮಾಡ್ಲಿ, ಹೇಳಿ."

ಅಪ್ಪ ಹೊರಗೆ ಬಂದರು. ನಾನು ಕೈ ಹಿಡಿಯಲು ಹೋಗಿ ಬಿಟ್ಟೆ. ಇಬ್ಬರೂ ರೈಲ್ವೆ ಹಳಿಯ ಪಕ್ಕದ ದಾರಿಯಲ್ಲಿ ನಡೆದೆವು. ಅವರು ಮುಂದೆ, ನಾನು ಹಿಂದೆ. ಮುಖ ನೋಡಬೇಕಾದ ಕಷ್ಟ ಇಬ್ಬರಿಗೂ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರು ತಿರುಗದೆಯೇ ಹೇಳಿದರು.

"ತಪ್ಪಾಗೋಯ್ತು ಕಣ್ಲಾ. ಬಾಯಿಗೆ ಬಂದ್ಬುಡ್ತು."

ಅಪ್ಪ ನನ್ನ ಕ್ಷಮೆ ಕೇಳಿದ್ದು ಅದೊಂದೇ ಸಲ. ನನ್ನನ್ನು ಪೋಲಿಯಲ್ಲ ಎಂದದ್ದಕ್ಕೆ. ಬೇರೆ ಮಗನಾಗಿದ್ದರೆ ಕಾಲಿಗೆ ಬೀಳುತ್ತಿದ್ದ. ನನಗೆ ಹೊಳೆದದ್ದು ಇಷ್ಟು:

"ಫಸ್ಟ್ ಕ್ಲಾಸ್ ಅಲ್ಲ ಅಪ್ಪ. ಸೆಕೆಂಡು."

"ಗೊತ್ತು ಕಣ್ಲಾ," ಎಂದರು. "ಅದು ಆ ಡಾಕ್ಟ್ರಿಗೆ ಯಾಕೆ?"

ಬಾಗಿಲಲ್ಲೇ ಕಾದಿದ್ದ ಅಮ್ಮ ಏನಂದ್ರು ಎಂದು ಕೇಳಿದಳು. "ಕಿವಿ ಚಂದಾಗೈತಂತೆ," ಎಂದರು ಅಪ್ಪ. ಗಂಡನಿಗೆ ಯಾವ ತೊಂದರೆಯೂ ಇಲ್ಲವೆಂದು ಡಾಕ್ಟರು ಹೇಳಿದ್ದಕ್ಕೆ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ ಮನೆ ಅದು. ಆಮೇಲೆ ಅವಳು ನಿಜವಾಗಿ ಕಾಫಿ ಮಾಡಿದಳು. ಆಗೈತೆ ಬನ್ನಿ ಎಂದು ಕರೆದಳು. ಅಪ್ಪ ಅಭ್ಯಾಸಬಲದಿಂದ ಗೋಡೆ ನೋಡುತ್ತಲೇ ಕೂತಿದ್ದರು. ನಾನು ಲೋಟ ಒಯ್ದು ಕೈಗಿಟ್ಟೆ.

ಮಾರನೆಯ ಬೆಳಿಗ್ಗೆ ಸೈರನ್ ಕೂಗಿತು. ನನ್ನ ಬಹುಮಾನದ ಡಬ್ಬಿ ಹಿಡಿದು ಅಪ್ಪ ಹೋದರು. ಬೀದಿ ಖಾಲಿಯಾಯಿತು. ನಾನು ನಿವೃತ್ತರ, ಕಾಯಿಲೆಯವರ ಜೊತೆ ಉಳಿದೆ. ಪಕ್ಕದ ಮನೆಯವರು ಕಣ್ಣಿನ ವಿಚಾರದಲ್ಲಿ ಇನ್ನೊಂದು ಉಪಾಯ ತಂದಿದ್ದರು. ಅಪ್ಪ ಅವರ ಮಾತನ್ನು ಪೂರ್ತಿ ಕೇಳಿ, ಕೇಳಿಸಲಿಲ್ಲ ಎಂದುಬಿಟ್ಟರಂತೆ.

ಅಪ್ಪ ಐವತ್ತೆಂಟು ತುಂಬುವವರೆಗೆ ಅದೇ ಪ್ರೆಸ್ಸಿನ ಮುಂದೆ ನಿಂತು ನಿವೃತ್ತರಾದರು. ಅಷ್ಟು ಹೊತ್ತಿಗೆ ಅವರ ಎಡಗಿವಿ ನಿಜವಾಗಿಯೂ ಹೋಗಿತ್ತು. ಆ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಗಲಿಲ್ಲ.