ಹೆಸರು ಹಾಕದೆ ಬರೆದ ಸುದ್ದಿ

ಕೊಟ್ಟ ರದ್ದಿಯನ್ನು ಯಾರಾದರೂ ವಾಪಸ್ ತರುತ್ತಾರೆಯೇ? ಗಂಗವ್ವ ತಂದಳು. ಪೂರ್ತಿ ಕಟ್ಟಲ್ಲ, ಒಂದೇ ಹಾಳೆ.

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಗಂಗವ್ವ ಝುವಾರಿನಗರದಿಂದ ಬಸ್ಸಿಗೆ ಬರುತ್ತಾಳೆ. (ಅದು ಅವಳ ನಿಜವಾದ ಹೆಸರಲ್ಲ. ನನ್ನ ಹಳೇ ಚಾಳಿ.) ಮಳೆಗಾಲಕ್ಕೆ ಮುಂಚೆ ಮನೆಯ ತಗಡಿನ ಗೋಡೆಗೆ ಒಳಗಿನಿಂದ ಅಂಟಿಸಲು ಕಾಗದ ಬೇಕೆಂದಳು. ಟ್ರಂಕಿನಲ್ಲಿದ್ದ ಹಳೇ ಸಿನಿಮಾ ವಾರಪತ್ರಿಕೆಗಳನ್ನು ಕೊಟ್ಟೆ.

ಮೂವತ್ತು ವರ್ಷಗಳ ಹಿಂದೆ, ಐವತ್ತರ ದಶಕದಲ್ಲಿ, ನಾನು ಹುಬ್ಬಳ್ಳಿಯಲ್ಲಿ ಆ ಪತ್ರಿಕೆಗೆ ಗಾಸಿಪ್ ಕಾಲಂ ಬರೆಯುತ್ತಿದ್ದೆ. ಹುಬ್ಬಳ್ಳಿಯಲ್ಲಿ ಕುಳಿತವನಿಗೆ ಮುಂಬಯಿ ಸುದ್ದಿ ಹೇಗೆ ಸಿಗಬೇಕು? ಸಿಗುತ್ತಿರಲಿಲ್ಲ, ಹುಟ್ಟಿಸುತ್ತಿದ್ದೆ. ಯಾರ ಹೆಸರೂ ಹಾಕುತ್ತಿರಲಿಲ್ಲ, ನನ್ನದೂ; ಕೋರ್ಟಿನ ಭಯ. ‘ಗುಂಗುರು ಕೂದಲಿನ ನಟಿ’ ಅಂದರೆ ಸಾಕು, ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಿದ್ದರು. ಹೆಸರೇ ಇಲ್ಲದ ಮೇಲೆ ಯಾರಿಗೇನು ನಷ್ಟ ಅಂದುಕೊಂಡಿದ್ದೆ.

ಗಂಗವ್ವ ತಂದ ಹಾಳೆಯ ತಲೆಬರಹ: ‘ಮಲಪ್ರಭೆಯ ಮೀನು ಮುಂಬಯಿ ಬಲೆಗೆ!’ ನದಿದಂಡೆಯ ಹಳ್ಳಿಯಿಂದ ಹೋದ ಗ್ರೂಪ್ ಡಾನ್ಸರ್ ಒಬ್ಬಳು ಮುದಿ ಪ್ರೊಡ್ಯೂಸರನ ಬಂಗಲೆ ಸೇರಿದ ಕಥೆ. ಬರೆದವನು ನಾನೇ. ಅಂಥ ಹುಡುಗಿ ಇರಲೇ ಇಲ್ಲ. ಪುಟ ತುಂಬಿರಲಿಲ್ಲ, ಅಷ್ಟೇ.

ಮೂರನೇ ಕ್ಲಾಸಿನವರೆಗೆ ಕಲಿತ ಗಂಗವ್ವ, ಅಂಟಿಸುವಾಗ ಅದನ್ನು ಓದಿಬಿಟ್ಟಿದ್ದಳು.

“ಇದು ನಮ್ಮಕ್ಕನ ಸುದ್ದಿರಿ, ಸಾಹೇಬ್ರ. ಮಲಪ್ರಭಾ ದಂಡಿ ಮ್ಯಾಲಿನ ನಮ್ಮೂರಿಂದ ಡಾನ್ಸಿಗೆ ಹೋದಾಕಿ ಆಕಿ ಒಬ್ಬಾಕಿನ. ಚಾದಂಗಡ್ಯಾಗ ದಿನಾ ಇದನ್ನ ಓದಿ ನಗತಿದ್ರು. ಹಬ್ಬಕ್ಕ ಬಂದಾಗ ಅಪ್ಪ ಬಾಗಿಲಾ ತಗೀಲಿಲ್ಲ. ಸಂಜಿತನಕ ಕಟ್ಟಿ ಮ್ಯಾಲ ಕುಂತು ಬಸ್ ಹತ್ತಿದಾಕಿ, ಮತ್ತ ಬರಲೇ ಇಲ್ರಿ.”

ಬೈಗುಳಕ್ಕೆ ಕಾದೆ. ಅವಳು ಬೈಯಲು ಬಂದಿರಲಿಲ್ಲ. ಬರೆದವನು ನಾನೆಂದು ಅವಳಿಗೆ ಗೊತ್ತೇ ಇಲ್ಲ.

“ನೀವು ಪೇಪರ್‌ನ್ಯಾಗ ಇದ್ದವ್ರು. ಇಷ್ಟೆಲ್ಲಾ ಬರದಾವ್ರಿಗೆ ಆಕಿ ಇರೋ ಜಾಗಾ ಖರೇನ ಗೊತ್ತಿರತೈತಿ. ಅವರನ್ನ ಕೇಳಿ ಅಡ್ರೆಸ್ ಕೊಡಸ್ರಿ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದೇನು? “ವಿಚಾರಸಿ ಹೇಳತೇನಿ, ಗಂಗವ್ವ.” ಇನ್ನೂ ಒಂದು ಸುಳ್ಳು!

ನಿಮಗೆ ಹೇಳಿಕೊಳ್ಳುತ್ತಿದ್ದೇನೆ, ಅವಳಿಗೆ ಹೇಳುವ ಧೈರ್ಯವಿಲ್ಲ. ದಿನಾ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾಳೆ. “ಏನರ ಗೊತ್ತಾತೇನ್ರಿ?”

ನಾಳೆಯೂ ಕೇಳುತ್ತಾಳೆ. ಸುದ್ದಿ ಹುಟ್ಟಿಸಿದವನು ಅಡ್ರೆಸ್ ಎಲ್ಲಿಂದ ಹುಟ್ಟಿಸಲಿ?