ಹೊಂಬಾಳಮ್ಮ ನೀರು ಹಾಕಿದ ಕೂಸುಗಳು

ಹೊಂಬಾಳಮ್ಮನನ್ನು ಊರಿನಲ್ಲಿ ಯಾರೂ ಬರೀ ಹೊಂಬಾಳಮ್ಮ ಎಂದು ಕರೆದಿದ್ದಿಲ್ಲ. ನೀರು ಹಾಕೋ ಹೊಂಬಾಳಮ್ಮ ಎಂದರೇ ಗುರುತು. ಅರಳಗುಪ್ಪೆ ಕಡೆಯ ಆ ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅವಳೇ ಬರಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡಳೆಂದರೆ ಎಂಥ ಚಂಡಿ ಕೂಸೂ ಎರಡು ಚೊಂಬು ನೀರಿಗೆ ಸುಮ್ಮನಾಗುತ್ತಿತ್ತು. ತಲೆ ಒತ್ತಿ ದುಂಡಗೆ ಮಾಡುವಳು, ಮೂಗು ಎಳೆದು ನೇರ ಮಾಡುವಳು, ಕೊನೆಗೆ ಹೊಳ್ಳೆಗೆ ಎರಡೆರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಉಫ್ ಎಂದು ಊದುವಳು. ಒಳಗಿನ ಕಫವೆಲ್ಲ ಕರಗಿ ಇಳಿಯುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಎಣ್ಣೆಯೂ ಅಂಗಡಿಯದಲ್ಲ. ಸ್ವಂತ ತೋಟದ ಕಾಯಿ, ಅಟ್ಟದ ಮೇಲೆ ವರ್ಷ ಒಣಗಿದ ಕೊಬ್ಬರಿ, ಕಣ್ಣೆದುರೇ ಗಾಣದಲ್ಲಿ ಆಡಿಸಿದ್ದು. ಈ ಕೆಲಸಕ್ಕೆ ಒಂದು ಪೈಸೆ ಮುಟ್ಟಿದವಳಲ್ಲ. ಒಂದು ರವಿಕೆ ಕಣ, ಎರಡು ಎಲೆ, ಒಂದು ಅಡಿಕೆ, ಅಷ್ಟೆ. ಹೊಂಬಾಳಮ್ಮ ಎತ್ತಿದ ಕೂಸು ಗಟ್ಟಿ ಎಂಬ ಹೆಸರೇ ಅವಳ ಸಂಪಾದನೆ. ಆ ಹೆಸರಿನ ಬಗ್ಗೆ ಅವಳಿಗೆ ಜಂಬವಿತ್ತು. ಇದ್ದದ್ದನ್ನು ಇತ್ತು ಎಂದೇ ಹೇಳಬೇಕು.

ಅಂಥವಳ ಮನೆಗೇ ಕೂಸು ಬಂತು. ಮಗ ಅರುಣ್ ಕುಮಾರನ ಹೆಂಡತಿ ಯೋಗಿತಾಳಿಗೆ ಎಂಟು ತಿಂಗಳಿಗೇ ಸಿಸೇರಿಯನ್ ಆಯಿತು. ಹೆಣ್ಣು ಕೂಸು, ಒಂದೂವರೆ ಕೆಜಿ. ತಿಪಟೂರಿನ ಆಸ್ಪತ್ರೆಯವರು ಎಳೆಗೂಸುಗಳ ಐಸಿಯುನಲ್ಲಿ ಮೂರು ವಾರ ಇಟ್ಟುಕೊಂಡು, ತೂಕ ಸ್ವಲ್ಪ ಏರಿದ ಮೇಲೆ ಮನೆಗೆ ಕಳಿಸಿದರು. ಯೋಗಿತಾಳಿಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನವೂ ಗಂಡನ ಮನೆಯಲ್ಲೇ. ಕಳಿಸುವಾಗ ನರ್ಸ್ ಮೋನಿಕಾ ಅತ್ತೆ ಸೊಸೆ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದಳು.

"ಎರಡೂವರೆ ಕೆಜಿ ಆಗೋವರ್ಗೂ ಸ್ನಾನ ಬೇಡ. ಬಟ್ಟೆ ಅದ್ದಿ ಒರೆಸಿದ್ರೆ ಸಾಕು. ಎದೆಗಪ್ಪಿಕೊಂಡು ಬೆಚ್ಚಗಿಟ್ಕೊಳ್ಳಿ. ಮೂಗಿಗೆ, ಕಿವಿಗೆ ಏನೂ ಬಿಡಬೇಡಿ ಅಜ್ಜಿ. ಎಣ್ಣೆ ಅಂತೂ ಬೇಡ್ವೇ ಬೇಡ."

"ಆಯ್ತು ಬುಡವ್ವ," ಎಂದಳು ಹೊಂಬಾಳಮ್ಮ. ಮೊನ್ನೆ ಕಣ್ಣು ಬಿಟ್ಟ ಹುಡುಗಿ, ಇವಳು ನನಗೆ ಕೂಸು ಸಾಕುವುದನ್ನು ಹೇಳಿಕೊಡುತ್ತಾಳೆ ಎಂದು ಒಳಗೊಳಗೇ ಮೂತಿ ತಿರುವಿದಳು.

ಆದರೂ ಐದು ದಿನ ತಡೆದಳು. ಊರು ತಡೆಯಲಿಲ್ಲ. ಕೂಸು ನೋಡಲು ಬಂದವರೆಲ್ಲರದೂ ಒಂದೇ ರಾಗ. "ಊರ ಕೂಸಿಗೆಲ್ಲ ನೀರಾಕಿದೋಳು ಸ್ವಂತ ಮೊಮ್ಮಗಳ್ನ ಹಿಂಗೇ ಇಟ್ಟಿದ್ದೀಯಲ್ಲ ಹೊಂಬಾಳಕ್ಕ. ಯಾಕೆ, ಸೊಸೆ ಬುಡಾಕಿಲ್ವಾ?" ಮಿಕ್ಕ ಮಾತು ಹೇಗೋ ಸಹಿಸುತ್ತಿದ್ದಳು, ಸೊಸೆ ಬಿಡುವುದಿಲ್ಲವೇ ಎಂಬುದು ಮಾತ್ರ ಮುಳ್ಳಿನ ಹಾಗೆ ನಾಟಿತು. ಮಾತನಾಡುವವರಿಗೇನು, ಆಡಿ ಎದ್ದು ಹೋಗುತ್ತಾರೆ.

ಆರನೆಯ ದಿನ ಮಧ್ಯಾಹ್ನ ತೋಟದಲ್ಲಿ ಕಾಯಿ ಕೀಳುವವರು ಬಂದಿದ್ದರು, ಅರುಣ್ ಅಲ್ಲಿದ್ದ. ಯೋಗಿತಾ ಉಂಡು ಕಣ್ಣು ಮುಚ್ಚಿದ್ದಳು. ಹೊಂಬಾಳಮ್ಮ ಕೂಸನ್ನೆತ್ತಿಕೊಂಡು ಬಚ್ಚಲಿಗೆ ಹೋದಳು. ಎಲ್ಲ ಸರಾಗವಾಗಿಯೇ ಆಯಿತು. ಕೊನೆಗೆ ಎಣ್ಣೆ ಬಿಟ್ಟು ಊದಿದಾಗ ಕೂಸು ಕೆಮ್ಮಿತು. ಕೆಮ್ಮು ನಿಲ್ಲಲಿಲ್ಲ, ತುಟಿ ನೀಲಿಗೆ ತಿರುಗಿತು. ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು. ಉಸಿರು ಬಂತು. ಒರೆಸಿ, ಸುತ್ತಿ, ತಾಯಿಯ ಮಗ್ಗುಲಲ್ಲಿ ಮಲಗಿಸಿ, ಬಂದು ಬಚ್ಚಲನ್ನು ಎರಡು ಸಲ ತೊಳೆದಳು. ಸಂಜೆಯ ಹೊತ್ತಿಗೆ ಕೂಸು ಹಾಲು ಬಿಟ್ಟಿತು, ಪಕ್ಕೆ ಸೆಳೆದು ಸೆಳೆದು ಉಸಿರಾಡತೊಡಗಿತು. ಕಾರು ಮಾಡಿಕೊಂಡು ತಿಪಟೂರಿಗೆ ಓಡಿದರು.

"ಮೂಗಿಗೆ, ಬಾಯಿಗೆ ಏನಾದ್ರೂ ಹಾಕಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು.

ಯೋಗಿತಾ ಬಾಯಿ ತೆರೆಯುವ ಮೊದಲೇ ಹೊಂಬಾಳಮ್ಮ ಹೇಳಿಬಿಟ್ಟಳು. "ಏನೂ ಹಾಕಿಲ್ಲ ಕಣ್ರವ್ವ. ಇವ್ಳು ಮಲಕ್ಕಂಡೇ ಹಾಲು ಕುಡುಸ್ತಾಳೆ. ಅದೇ ನೆತ್ತಿಗತ್ತಿರ್ಬೇಕು."

ಯೋಗಿತಾ ಅತ್ತೆಯ ಮುಖವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಯೋಚಿಸಿ ಆಡಿದ ಸುಳ್ಳಲ್ಲ ಅದು, ಹೆದರಿಕೆಗೆ ಬಾಯಿಂದ ಬಿದ್ದದ್ದು ಎಂದು ಹೊಂಬಾಳಮ್ಮ ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇರಬಹುದು. ಬಿದ್ದದ್ದನ್ನು ಹೆಕ್ಕಿಕೊಳ್ಳಲು ಯಾರು ಬೇಡವೆಂದಿದ್ದರು? ಅದನ್ನಂತೂ ಅವಳು ಮಾಡಲಿಲ್ಲ.

ಕೂಸಿನ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕಿದರು. ದಿನಕ್ಕೆ ಎರಡು ಸಲ ಗಾಜಿನಾಚೆಯಿಂದ ಮನೆಯವರು ನೋಡಬಹುದಿತ್ತು. ಹೊಂಬಾಳಮ್ಮ ಒಂದು ಸಲ ನೋಡಿದಳು. ಮೈಯೆಲ್ಲ ವೈರು, ಕಾಲಿಗೆ ಸೂಜಿ. ಅಂಗೈಯಗಲದ ಎದೆ ಯಂತ್ರ ಊದಿದಾಗ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಎರಡನೆಯ ಸಲ ಕರೆದಾಗ ಮಂಡಿ ನೋವೆಂದು ಬೆಂಚಿನ ಮೇಲೇ ಉಳಿದಳು. ಮಂಡಿ ಚೆನ್ನಾಗಿಯೇ ಇತ್ತು. ಯೋಗಿತಾ ಮೂರು ಗಂಟೆಗೊಮ್ಮೆ ಹಾಲು ಹಿಂಡಿ, ಸಣ್ಣ ಲೋಟದಲ್ಲಿ ಹಿಡಿದು, ಹೊಟ್ಟೆಯ ಹೊಲಿಗೆಯ ಮೇಲೊಂದು ಕೈಯಿಟ್ಟುಕೊಂಡು ಗೋಡೆಯ ಪಕ್ಕದಲ್ಲೇ ನಡೆದು ಬಂದು ಒಳಗೆ ಕೊಟ್ಟು ಹೋಗುತ್ತಿದ್ದಳು.

ಮೂರನೆಯ ದಿನ ಅರುಣ್ ಎಲ್ಲರೆದುರೇ ಅವಳ ಮೇಲೆ ಹರಿಹಾಯ್ದ. "ಎದ್ದು ಕೂತ್ಕಂಡು ಹಾಲು ಕುಡ್ಸಕ್ಕಾಗಲ್ವೇನೇ ನಿಂಗೆ? ಅಷ್ಟೊಂದು ನಿದ್ದೆ ಬೇಕಾಗಿತ್ತಾ?" ಬೆಂಚಿನಲ್ಲಿದ್ದ ಬೇರೆ ಊರಿನ ಹೆಂಗಸರು ಯೋಗಿತಾಳನ್ನು ಮೇಲಿಂದ ಕೆಳಗೆ ನೋಡಿದರು. ಅವಳು ಲೋಟವನ್ನು ಮುಚ್ಚಿ ಹಿಡಿದುಕೊಂಡು ನಿಂತೇ ಇದ್ದಳು.

"ಬುಡ್ಲಾ, ಆಗಿದ್ದಾಯ್ತು. ಪಾಪ, ಎಳೇದು, ಗೊತ್ತಾಗಿಲ್ಲ," ಎಂದಳು ಹೊಂಬಾಳಮ್ಮ.

ಆಹಾ, ಎಂಥ ದೊಡ್ಡ ಮನಸ್ಸಿನ ಅತ್ತೆ ಎಂದು ಪಕ್ಕದವಳು ಮೆಚ್ಚಿ ನೋಡಿದಳು. ಹೊಂಬಾಳಮ್ಮನಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಮಾಡಿದ ತಪ್ಪಿಗಿಂತ ಈಗ ತೋರಿಸಿದ ಈ ಕರುಣೆಯೇ ಹೇಸಿಗೆ ಎನ್ನಿಸಿತು.

ನಾಲ್ಕನೆಯ ದಿನ ಡಾಕ್ಟರಮ್ಮ ಹೊರಗೆ ಬಂದು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಇನ್ನೂ ಬೆಳ್ಳಗೇ ಇದೆ, ಈಗಲೇ ಏನೂ ಹೇಳಲಾಗದು ಎಂದರು. ಹಾಲೆಂದು ನಂಬಿ ಇವರು ಬೇರೆ ಯಾವುದೋ ಔಷಧಿ ಕೊಡುತ್ತಿದ್ದರೆ? ತನ್ನ ಹೆಸರು ಉಳಿಸಿಕೊಳ್ಳಲು ಹೋಗಿ ಕೂಸನ್ನೇ ತಿನ್ನುತ್ತಿದ್ದೇನೆ ಎಂದುಕೊಂಡು ಹೊಂಬಾಳಮ್ಮ ಎದ್ದು ಡಾಕ್ಟರಮ್ಮನ ಹಿಂದೆ ಅವರ ಕೋಣೆಗೆ ಹೋದಳು. ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಹೇಳಿದಳು. ನೀರು ಹಾಕಿದ್ದು, ಎಣ್ಣೆ ಬಿಟ್ಟದ್ದು, ಊದಿದ್ದು, ತುಟಿ ನೀಲಿಯಾದದ್ದು, ಎಲ್ಲ.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ಕೂಸಿನ ಫೈಲು ತೆಗೆದರು.

"ಇದು ಮೊದಲನೇ ದಿನಾನೇ ಇಲ್ಲಿ ಬರೆದಿದೆ ಅಮ್ಮ. ಅವತ್ತು ಸ್ವಲ್ಪ ಹೊತ್ತಾದ ಮೇಲೆ ನಿಮ್ಮ ಸೊಸೆ ಒಬ್ಬರೇ ಬಂದು ಹೇಳಿದ್ರು. ಕೂಸಿನ ಕೂದಲು ಒದ್ದೆ ಇತ್ತು, ಮೂಗಿನ ಹತ್ತಿರ ಕೊಬ್ಬರಿ ಎಣ್ಣೆ ವಾಸನೆ ಬರ್ತಿತ್ತು ಅಂತ. ಅದಕ್ಕೆ ತಕ್ಕ ಚಿಕಿತ್ಸೇನೇ ನಡೀತಿದೆ."

"ಹಂಗಾದ್ರೆ ನಾನೀಗ ಹೇಳಿದ್ರಿಂದ..."

"ಕೂಸಿಗೆ ಏನೂ ವ್ಯತ್ಯಾಸ ಆಗಲ್ಲ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೆನ್ನೆಗೆ ಎರಡು ಬಾರಿಸಿದ್ದರೆ ಹೊಂಬಾಳಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೊಸೆಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಕೂಸು ಉಳಿಯಬೇಕೆಂದು ಡಾಕ್ಟರಿಗೆ ಹೇಳಿದಳು, ಗಂಡ ಬೈದಾಗ ಮಾತ್ರ ಬಾಯಿ ಬಿಡಲಿಲ್ಲ. ಹೊಂಬಾಳಮ್ಮ ಹೊರಗೆ ಬಂದಾಗ ಅರುಣ್ ಕಿಟಕಿಯ ಬಳಿ ನಿಂತಿದ್ದ. ಯೋಗಿತಾ ಲೋಟ ಹಿಡಿದು ಬರುತ್ತಿದ್ದಳು.

"ಎಣ್ಣೆ ಬುಟ್ಟಿದ್ದು ನಾನು ಕಣ್ಲಾ," ಎಂದಳು ಹೊಂಬಾಳಮ್ಮ. "ನೀರಾಕಿ ಮೂಗಿಗೆ ಬುಟ್ಟೆ. ಇವ್ಳುದೇನೂ ತಪ್ಪಿಲ್ಲ."

ಅರುಣ್ ಮೊದಲು ನೋಡಿದ್ದು ಹೆಂಡತಿಯನ್ನಲ್ಲ, ಬೆಂಚಿನ ಕಡೆಗೆ, ಯಾರಿಗಾದರೂ ಕೇಳಿಸಿತೋ ಎಂದು. "ಮೆತ್ತಗೆ ಮಾತಾಡವ್ವ. ಊರಲ್ಲಿ ಬಾಯಿ ಬುಟ್ಟೀಯ. ಹಾಲು ನೆತ್ತಿಗತ್ತಿದ್ದು ಅಂತಾನೇ ಇರ್ಲಿ."

ತಾನು ತಲೆ ದುಂಡಗೆ ಮಾಡಿ, ಮೂಗು ತಿದ್ದಿ ಬೆಳೆಸಿದ ಮಗ. ಅವನ ಮಾತಿಗೆ ಬೈಯಲು ಅವಳಿಗೆ ಯಾವ ಮುಖವೂ ಇರಲಿಲ್ಲ. ಇದೇ ಪಾಠವನ್ನು ನಾಲ್ಕು ದಿನ ಕೂತು ಅವನಿಗೆ ಕಲಿಸಿದವಳು ತಾನೇ. ಯೋಗಿತಾ ಗಂಡನ ಕಡೆ ತಿರುಗಲೂ ಇಲ್ಲ.

"ತಾಯಿ ಇಲ್ದೋಳು, ಯಾರ ಹತ್ರ ಹೋಗಿ ಹೇಳ್ಕತಾಳೆ ಅಂದ್ಕಂಡ್ರಿ ಅಲ್ವಾ ಅತ್ತೆ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಹಾಲು ಒಳಗೆ ಕೊಡಬೇಕಾಗಿತ್ತು.

ಹೊಂಬಾಳಮ್ಮ ಆ ಬೆಂಚಿನಲ್ಲಿ ಕೂತು ಆ ಪ್ರಶ್ನೆಯನ್ನು ತಿರುವಿ ಮುರುವಿ ನೋಡಿದಳು. ಹೌದು, ಹಾಗೇ ಅಂದುಕೊಂಡಿದ್ದಳು. ಹೆದರಿಕೆಯಲ್ಲೂ ನಾಲಿಗೆಗೆ ಯಾರ ಮೇಲೆ ಹಾಕಬೇಕೆಂಬುದು ಸರಿಯಾಗಿ ಗೊತ್ತಿತ್ತು.

ಒಂಬತ್ತನೆಯ ದಿನ ಯಂತ್ರ ತೆಗೆದರು. ಕೂಸು ತಾನೇ ಉಸಿರಾಡಿತು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಯೋಗಿತಾಳೂ ಅತ್ತಳು. ಹೊಂಬಾಳಮ್ಮ ದೂರದಿಂದ ಕೈ ಮುಗಿದು, ಹಸು ನೋಡಿಕೊಳ್ಳುವವರಿಲ್ಲವೆಂದು ಹೇಳಿ ಊರಿಗೆ ಬಂದಳು.

ಮಾರನೆಯ ದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದರೆ, ಸಾಲಿನಲ್ಲಿದ್ದ ಹೆಂಗಸರೆಲ್ಲ ಮುತ್ತಿಕೊಂಡರು. ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. "ಮಲಕ್ಕಂಡು ಹಾಲು ಕುಡ್ಸಿದ್ಲಂತಲ್ಲ ನಿನ್ ಸೊಸೆ. ಈಗಿನ ಹುಡ್ಗೀರ್ಗೆ ಏನ್ ಗೊತ್ತಾಯ್ತದೆ ಬುಡು. ನೀನು ಹೋಗಿದ್ದಕ್ಕೆ ಕೂಸು ಉಳೀತು." ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೆಸರೂ ಉಳಿಯುತ್ತಿತ್ತು, ಮಗನೂ ಒಪ್ಪುತ್ತಿದ್ದ.

"ಅವ್ಳಲ್ಲ ಕಣ್ರೇ," ಎಂದಳು ಹೊಂಬಾಳಮ್ಮ. "ಬೇಡ ಅಂದಿದ್ರೂ ಕದ್ದು ನೀರಾಕಿದೋಳು ನಾನು. ಮೂಗಿಗೆ ಬುಟ್ಟ ಎಣ್ಣೆ ಎದೆಗೋಗಿ ಕೂತಿತ್ತು. ನಾನೇ ಮಾಡಿ ಅವಳ ಮೇಲೆ ಹಾಕಿದೆ. ಇನ್ಮೇಲೆ ಯಾರ ಮನೆ ಕೂಸಿಗೂ ನನ್ನ ಕರೀಬೇಡಿ."

ಅಷ್ಟು ಹೇಳಿದ ಮೇಲೆ ಅವಳಿಗೆ ಹತ್ತು ದಿನದಲ್ಲಿ ಮೊದಲ ಸಲ ಎದೆಯ ಭಾರ ಇಳಿದಂತಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

ಸಾಲಿನ ಹಿಂದೆ ನಿಂತಿದ್ದ ಶಾಂತಕುಮಾರಿ ಮುಂದೆ ಬಂದಳು. ಹಿಂದಿನ ಬೀದಿಯವಳು, ಐವತ್ತರ ಹತ್ತಿರ, ಯಾರ ತಂಟೆಗೂ ಹೋಗದವಳು. ಇಪ್ಪತ್ತಾರು ವರ್ಷದ ಹಿಂದೆ ಅವಳ ಚೊಚ್ಚಲ ಗಂಡು ಕೂಸು ಹತ್ತೊಂಬತ್ತು ದಿನಕ್ಕೇ ಹೋಗಿತ್ತು.

"ನಮ್ಮ ಮೊದಲನೇ ಮಗೀಗೂ ನೀನೇ ಅಲ್ವಾ ಹೊಂಬಾಳಕ್ಕ ನೀರಾಕ್ತಿದ್ದಿದ್ದು?"

"ಹೂಂ ಕಣವ್ವ."

"ಎಣ್ಣೆ ಬುಡ್ತಿದ್ದಾ?"

ಬಿಡದ ಕೂಸು ಊರಲ್ಲಿ ಯಾವುದಿತ್ತು? "ಬುಡ್ತಿದ್ದೆ," ಎಂದಳು ಹೊಂಬಾಳಮ್ಮ.

"ಅದೂ ಕೆಮ್ಮಿ ಕೆಮ್ಮಿ, ಪಕ್ಕೆ ಸೆಳ್ಕಂಡೇ ಹೋಗಿದ್ದು."

ಹೊಂಬಾಳಮ್ಮನಿಗೆ ಆ ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ತಾಯಿಯ ಹಾಲು ನಂಜಾಗಿತ್ತು, ಅದಕ್ಕೇ ಹೀಗಾಯಿತು ಎಂದು ಅವತ್ತು ನೆರೆದವರ ಮುಂದೆ ಹೇಳಿದವಳು ಅವಳೇ. ಆಗ ಅದನ್ನು ನಂಬಿಯೇ ಹೇಳಿದ್ದಳು. ಹಿರಿಯರೆಲ್ಲ ತಲೆಯಾಡಿಸಿದ್ದರು.

ಶಾಂತಕುಮಾರಿ ದನಿ ಏರಿಸಲಿಲ್ಲ.

"ನನ್ನ ಹಾಲು ನಂಜು ಅಂದೆ ನೀನು. ಆಮೇಲೆ ಹುಟ್ಟಿದ ಎರಡಕ್ಕೂ ನಾನು ಎದೆ ಕೊಡ್ಲಿಲ್ಲ ಕಣಕ್ಕ. ಅತ್ತು ಅತ್ತು ಕೇಳ್ತಿದ್ವು. ಹಿತ್ಲಿಗೋಗಿ ಗಿಡದ ಬುಡಕ್ಕೆ ಹಿಂಡಿ ಬರ್ತಿದ್ದೆ."