ಮಾವನಿಗೆ ಬಿಡಬೇಕಿದ್ದ ಎಳ್ಳು

ಮೇ ತಿಂಗಳ ರಜೆಯಲ್ಲಿ ನಮ್ಮ ಶಾಲೆಯ ಟೀಚರುಗಳೆಲ್ಲ ಸೇರಿ ಪೆನಾಂಗ್ ದ್ವೀಪಕ್ಕೆ ಟೂರ್ ಹೊರಟಾಗ ಅವ್ವ ನನ್ನ ಸೂಟ್‌ಕೇಸಿನ ಮೂಲೆಗೆ ಒಂದು ಪೊಟ್ಟಣ ತುರುಕಿದಳು. ಒಳಗೆ ಕರಿ ಎಳ್ಳು, ಒಂದು ಹಿಡಿ ಅಕ್ಕಿ.

"ನಮ್ಮಣ್ಣ ತೀರ್ಕೊಂಡ ಜಾಗ ಅದು. ಆ ಸಮುದ್ರಕ್ಕೆ ಇದ ಬಿಡು. ಬಿಡೋವಾಗ ಬಾಯ್ಬಿಟ್ಟು ಕರೀಬೇಕು, ಮರೀಬ್ಯಾಡ" ಎಂದಳು.

ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಅವ್ವನ ತವರೂರು ಪೆನ್ನಾಗರಂನಿಂದ ಅಲ್ಲಿಗೆ ಮೀನಿನ ದೋಣಿಯ ಕೆಲಸಕ್ಕೆ ಹೋದವನು. ಈಜು ಬಾರದವನಿಗೆ ಆ ಕೆಲಸ ಯಾಕೆ ಬೇಕಿತ್ತೋ. ನಾನಿನ್ನೂ ಅವ್ವನ ಹೊಟ್ಟೆಯಲ್ಲಿದ್ದಾಗ ದೋಣಿ ಮುಳುಗಿದ ಸುದ್ದಿ ಬಂತು. ಹೆಣ ಸಿಗಲಿಲ್ಲ. ತಾತ ದರ್ಭೆಯ ಗೊಂಬೆ ಮಾಡಿ ಸುಟ್ಟು ತಿಥಿ ಮುಗಿಸಿದರು. ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೂ ಅವನಿಗೊಂದು ಎಡೆ. ತಾತ, ಅಜ್ಜಿ ಹೋದ ಮೇಲೆ ಆ ಎಡೆಯನ್ನು ಅವ್ವ ಸೇಲಂನ ನಮ್ಮ ಮನೆಯಲ್ಲೇ ಇಡತೊಡಗಿದಳು. ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಇಂಥದ್ದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ, ಆದರೆ ಅವ್ವನ ಜೊತೆ ವಾದಕ್ಕಿಳಿದು ಗೆದ್ದವರೂ ಇಲ್ಲ.

ದ್ವೀಪವೇನೋ ಚೆನ್ನಾಗಿತ್ತು. ಕಡಿದಾದ ಬೆಟ್ಟಕ್ಕೆ ರೈಲಿನಲ್ಲಿ ಹತ್ತಿದೆವು. ಕೆಳಗಿನ ಪೇಟೆಯಲ್ಲಿ ಒಂದು ಬೀದಿಯ ತುಂಬ ತಮಿಳು ಹಾಡು, ಮಲ್ಲಿಗೆ, ವಡೆಯ ವಾಸನೆ. ಸೇಲಂ ಬಜಾರನ್ನೇ ಹಡಗಿಗೆ ಹೇರಿ ತಂದು ಇಳಿಸಿದ ಹಾಗಿತ್ತು. ಮೂರನೆಯ ದಿನ ಉಳಿದವರು ದೊಡ್ಡ ಬೀಚಿಗೆ ಹೋದರು. ನಾನು ಮಾವನ ಕೊನೆಯ ಕಾಗದದಲ್ಲಿದ್ದ ಮೀನುಗಾರರ ಹಳ್ಳಿಯ ಹೆಸರು ಹೇಳಿ ಟ್ಯಾಕ್ಸಿ ಹತ್ತಿದೆ.

ಮಟಮಟ ಮಧ್ಯಾಹ್ನ. ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಮುದ್ರ ಬಹಳ ದೂರ ಹಿಂದೆ ಸರಿದು ಬರೀ ಕೆಸರು ಹೊಳೆಯುತ್ತಿತ್ತು. ಅಲೆಯ ಸದ್ದೇ ಇಲ್ಲ. ಸಮುದ್ರಕ್ಕೆ ಸದ್ದಿಲ್ಲದಿದ್ದರೆ ಎಷ್ಟು ಭಯವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬೇಗ ಮುಗಿಸೋಣವೆಂದು ಪೊಟ್ಟಣ ಬಿಚ್ಚಿ, ನಾಚಿಕೆಯಿಂದಲೇ ಕೂಗಿದೆ.

"ಮಾವಾ, ಅವ್ವ ಕಳ್ಸವ್ಳೆ. ತಗೋ."

"ಕೊಡು" ಅಂತು ಹಿಂದಿನಿಂದ ಒಂದು ದನಿ.

ಮಗುಚಿ ಹಾಕಿದ ದೋಣಿಯ ನೆರಳಲ್ಲಿ ಒಬ್ಬ ಮುದುಕ ಬಲೆ ಹೊಲಿಯುತ್ತ ಕೂತಿದ್ದ. ಅವ್ವನದೇ ಮೂಗು, ಅವ್ವನದೇ ಹಣೆ. ಎದ್ದು ಬಂದು ಅಂಗೈ ಒಡ್ಡಿದ. ಎಳ್ಳು ಸುರಿಯುತ್ತ ಕೈ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಸತ್ತವನಲ್ಲ, ಉಸಿರಾಡುವ ಮನುಷ್ಯ.

"ನಾನ್ ಮುಳುಗ್ಲಿಲ್ಲ ಕಣವ್ವ. ಬ್ಯಾರೆ ದೋಣಿಯೋರು ಎತ್ತಾಕ್ಕೊಂಡ್ರು. ಪಾಸ್‌ಪೋರ್ಟು ನೀರಿಗೋಯ್ತು, ಪೊಲೀಸ್ನೋರು ಒಳಗಾಕಿದ್ರು. ಈಚೆಗ್ ಬಂದಾಗ ಊರ್ನೋನೊಬ್ಬ ಸಿಕ್ಕಿ, ನಿಂಗೆ ತಿಥಿ ಆಗೋಗೈತೆ ಅಂದ."

"ಆದ್ರೇನು? ವಾಪಸ್ ಬರ್ಬೌದಿತ್ತಲ್ಲ ಮಾವ?"

"ತಿಥಿ ಆದೋನು ಒಸ್ಲು ದಾಟುದ್ರೆ ಆ ಮನೇಲಿ ಇನ್ನೊಂದು ಜೀವ ಓಗ್ತೈತೆ ಅಂತ ನಿಮ್ಮಜ್ಜಿ ಹೇಳ್ತಿದ್ಲು. ಅವಾಗ ನಿಮ್ಮವ್ವ ತುಂಬಿದ ಬಸ್ರಿ." ನನ್ನನ್ನೇ ನೋಡಿದ. "ನೀನೇ ಅಲ್ವಾ ಅದು?"

ನನಗೆ ರೇಗಿಹೋಯಿತು. ಒಂದು ಹಾಳು ಮಾತಿಗೆ ಅಂಜಿ ಇಷ್ಟು ವರ್ಷ! ಎಲ್ಲಾ ಮೂಢನಂಬಿಕೆ, ನಾನೇ ಟಿಕೆಟ್ ಮಾಡಿಸ್ತೀನಿ, ಹೊರಡು ಎಂದು ಕೂಗಾಡಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಓದ್ ವರ್ಷ ಯಾಕ್ ಕಜ್ಜಾಯ ಮಾಡ್ಲಿಲ್ಲ?" ಎಂದ.

ಪ್ರತಿ ವರ್ಷ ನಾವು ಎಡೆ ಇಡುವ ಆ ಒಂದು ದಿನ ಅವನಿಗೆ ಅನ್ನ ಸೇರುವುದಿಲ್ಲವಂತೆ. ಬೆಳಗ್ಗೆಯಿಂದಲೇ ಹೊಟ್ಟೆ ತುಂಬಿರುತ್ತದೆ, ಬಾಯಲ್ಲಿ ಕುಂಬಳಕಾಯಿ ಹುಳಿ, ವಡೆ, ಕಜ್ಜಾಯದ ರುಚಿ. ಹೋದ ವರ್ಷ ಮಾತ್ರ ಸಿಹಿ ಇರಲಿಲ್ಲ ಎಂದ. ಹೋದ ವರ್ಷ ಅವ್ವನ ಮಣಿಕಟ್ಟು ಮುರಿದಿತ್ತು. ಕಜ್ಜಾಯ ತಟ್ಟಲು ನನಗೆ ಬರುವುದಿಲ್ಲ. ಅದು ನಮ್ಮ ಅಡುಗೆಮನೆಯಿಂದಾಚೆ ಯಾರಿಗೂ ಗೊತ್ತಿಲ್ಲದ ಸಂಗತಿ. ಟಿಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ.

"ಅವ್ಳಿಗೆ ಹೇಳ್ಬ್ಯಾಡ. ಹೇಳುದ್ರೆ ಬದುಕಿರೋನು ಅಂತ ಕರೀತಾಳೆ. ಅವ್ಳು ಅಂಗ್ ಕರುದ್ರೆ ನಾನ್ ಬಂದ್ಬುಡ್ತೀನಿ" ಎಂದು ಎಳ್ಳನ್ನು ಮುಷ್ಟಿಯಲ್ಲಿಟ್ಟುಕೊಂಡು ದೋಣಿಯ ನೆರಳಿಗೆ ಹೋದ.

ಸೇಲಂಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳಿದಳು. "ತಗೊಂಡ್ನಾ?"

"ತಗೊಂಡ" ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವ್ವನಿಗೆ ಇರುವವನು ಅವನೊಬ್ಬನೇ ಒಡಹುಟ್ಟಿದವನು. ಆದರೆ ಇಲ್ಲಿಟ್ಟ ಎಡೆ ಅಲ್ಲಿಗೆ ಮುಟ್ಟುವುದು ನಿಜವಾದರೆ ಹೊಸ್ತಿಲಿನ ಮಾತೂ ನಿಜವಿರಬಹುದಲ್ಲ? ಮನೆಯಲ್ಲಿ ನನ್ನ ಮಗಳಿದ್ದಾಳೆ. ಅವಳ ಮುಖ ಕಂಡ ಕೂಡಲೇ ನನ್ನ ಬಾಯಿ ಮುಚ್ಚಿಹೋಗುತ್ತದೆ. ನಾನು ಅಂಜುಬುರುಕಿ, ಅವ್ವನಿಗೆ ಮೋಸ ಮಾಡುತ್ತಿದ್ದೇನೆ.

ಈ ಸಲದ ಅಮಾವಾಸ್ಯೆಗೆ ಅವ್ವ ಕಜ್ಜಾಯ ಮಾಡಿದಳು. ಎಡೆ ಇಟ್ಟ ಮೇಲೆ ಬೀದಿಬಾಗಿಲು ತೆರೆದು ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುವುದು ನಮ್ಮ ಮನೆಯ ಪದ್ಧತಿ. ತಾತ, ಅಜ್ಜಿ ಆದ ಮೇಲೆ ಅವ್ವ ಹೊಸ್ತಿಲಿನ ಬಳಿ ನಿಂತು, "ಅಣ್ಣಾ, ಬಾರಣ್ಣಾ, ಉಣ್ಣು ಬಾ" ಎಂದು ಬೀದಿಗೆ ಕೇಳುವಂತೆ ಕರೆದಳು. ಮಗಳು ಅಲ್ಲೇ ಬಾಗಿಲ ಪಕ್ಕ ಕೂತು ಮೊಬೈಲ್ ನೋಡುತ್ತಿದ್ದಳು. ನಾನು ಎದ್ದು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ಅವ್ವ ನನ್ನ ಮುಖವನ್ನೇ ನೋಡಿದಳು.

"ಯಾಕ್ಲೇ ಬಾಗ್ಲಾಕ್ದೆ? ಅವ್ನಿನ್ನೂ ಬಂದಿಲ್ವಲ್ಲ."